ನಿಮ್ಮ ಬೀದಿಯಲ್ಲೊಂದು ಚಿತ್ರದ ಹಬ್ಬ: ಚೌಕ ಎಳೆಯುವುದರಿಂದ ಪೊರಕೆ ಹಿಡಿಯುವವರೆಗೆ

ನಮ್ಮ ಬೀದಿಯಲ್ಲಿ ಮೊದಲ ಸಲ ಚಿತ್ರದ ಹಬ್ಬ ಮಾಡಿದಾಗ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದೆವು: 'ಎಲ್ಲರಿಗೂ ಮುಕ್ತ ಪ್ರವೇಶ'. ಬಂದವರು ಯಾರು? ಡ್ರಾಯಿಂಗ್ ಕ್ಲಾಸಿಗೆ ಹೋಗುವ ಹತ್ತಿಪ್ಪತ್ತು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಫೋಟೋ ತೆಗೆಯುತ್ತಾ ಓಡಾಡುತ್ತಿದ್ದ ನಾವು. ಇಸ್ತ್ರಿ ಅಂಗಡಿಯವರು ಅಂಗಡಿಯಲ್ಲೇ ನಿಂತು ನೋಡಿದರು. ಮನೆಗೆಲಸಕ್ಕೆ ಬರುವ ಅಕ್ಕಂದಿರು ಚಪ್ಪಲಿ ಕೈಯಲ್ಲಿ ಹಿಡಿದು, ಚಿತ್ರ ತುಳಿಯದ ಹಾಗೆ, ಕಾಂಪೌಂಡ್ ಪಕ್ಕದಲ್ಲೇ ಸರಿದು ಹೋದರು. ರಸ್ತೆಗೆ ಬಾಗಿಲೇ ಇಲ್ಲ. ಆದರೂ ಅರ್ಧ ಬೀದಿ ಹೊರಗೇ ನಿಂತಿತ್ತು.

ಅದಾದ ಮೇಲೆ ಮೂರು ಸಲ ಮಾಡಿದ್ದೇವೆ. ಪ್ರತಿ ಸಲ ಒಂದೊಂದು ತಪ್ಪು ಮಾಡಿ, ಒಂದೊಂದು ತಿದ್ದಿಕೊಂಡೆವು. ನಿಮ್ಮ ಬೀದಿಯಲ್ಲೂ ಮಾಡಬೇಕು ಅನ್ನಿಸಿದ್ದರೆ ಇದನ್ನು ಓದಿ ಶುರು ಮಾಡಿ. ನಮ್ಮದು ಮೈಸೂರಿನ ಹಳೇ ಬಡಾವಣೆ, ಮೂವತ್ತಡಿ ರಸ್ತೆ, ತುದಿಯಲ್ಲೊಂದು ಅರಳಿಕಟ್ಟೆ. ನಿಮ್ಮ ಬೀದಿ ಬೇರೆ ಥರ ಇರಬಹುದು. ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಮಾಡಿಕೊಳ್ಳಿ.

1. ಏನು ಮಾಡುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ

ಚಿತ್ರದ ಹಬ್ಬ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರಿನ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸಿಕೊಂಡು ಬಂದಿರುವ ಹಬ್ಬ ಅದು. ವರ್ಷಕ್ಕೊಂದು ಭಾನುವಾರ, ಸಾಮಾನ್ಯವಾಗಿ ಜನವರಿಯಲ್ಲಿ, ಆ ರಸ್ತೆಯಲ್ಲಿ ವಾಹನ ನಿಲ್ಲಿಸುತ್ತಾರೆ. ನೂರಾರು ಕಲಾವಿದರು ರಸ್ತೆ ಬದಿಯಲ್ಲಿ ಚಿತ್ರ ಜೋಡಿಸಿಕೊಂಡು ಕೂರುತ್ತಾರೆ. ಟಿಕೆಟ್ ಇಲ್ಲ, ಗೇಟ್ ಇಲ್ಲ. ಕೊರೊನಾ ಕಾಲದಲ್ಲಿ, 2021ರಲ್ಲಿ ಮಾತ್ರ ಆನ್‌ಲೈನ್‌ನಲ್ಲಿ ನಡೆಯಿತು. ಒಮ್ಮೆ ಹೋಗಿ ನೋಡಿ ಬನ್ನಿ, ಜನ ಹೇಗೆ ಹರಿದಾಡುತ್ತಾರೆ ಅನ್ನುವುದು ಗೊತ್ತಾಗುತ್ತದೆ.

ಆದರೆ ಅಲ್ಲಿ ಬರೆಯುವವರು ಕಲಾವಿದರು, ನೋಡಿ ಕೊಳ್ಳುವವರು ಜನ. ಬೀದಿಯ ಹಬ್ಬದಲ್ಲಿ ಜನರೇ ಬರೆಯಬೇಕು. ಅಲ್ಲಿನದನ್ನೇ ಇಲ್ಲಿ ಚಿಕ್ಕದಾಗಿ ಮಾಡಲು ಹೋದರೆ ಎಂಟು ಟೇಬಲ್, ಹತ್ತು ಫ್ರೇಮ್, ಕೊಳ್ಳುವವರಿಲ್ಲದ ಒಂದು ಮಧ್ಯಾಹ್ನ ಉಳಿಯುತ್ತದೆ ಅಷ್ಟೆ.

ಬೀದಿಯಲ್ಲಿ ಮಾಡಬಹುದಾದದ್ದು ಮೂರು ಥರ. ರಸ್ತೆಯ ಮೇಲೆ ಚಾಕ್‌ಪೀಸ್ ಮತ್ತು ರಂಗೋಲಿ. ಮನೆಯಲ್ಲಿ ಬರೆದ ಚಿತ್ರಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಹಾಕುವುದು. ಗೋಡೆಗೆ ಬಣ್ಣ ಹೊಡೆದು ಚಿತ್ರ ಬರೆಯುವುದು. ಮೊದಲ ವರ್ಷ ರಸ್ತೆ ಸಾಕು. ಹಗ್ಗವನ್ನು ಬೇಕಾದರೆ ಸೇರಿಸಿಕೊಳ್ಳಿ. ಗೋಡೆಗೆ ಮಾತ್ರ ಕೈ ಹಾಕಬೇಡಿ. ರಸ್ತೆಯ ಮೇಲಿನ ಚಿತ್ರ ಚೆನ್ನಾಗಿಲ್ಲದಿದ್ದರೆ ಸಂಜೆಯ ಹೊತ್ತಿಗೆ ಗಾಡಿಗಳೇ ಅಳಿಸುತ್ತವೆ. ಗೋಡೆಯ ಮೇಲಿನದು ಐದು ವರ್ಷ ಎದುರಿಗೇ ಇರುತ್ತದೆ, ದಿನಾ ಬೆಳಿಗ್ಗೆ ಹಾಲು ತರಲು ಹೋದಾಗ ನೋಡಬೇಕಾಗುತ್ತದೆ.

2. ಐದು ಜನ ಸಾಕು

ದೊಡ್ಡ ಸಮಿತಿ, ಅಧ್ಯಕ್ಷ, ಕಾರ್ಯದರ್ಶಿ ಅಂತ ಮಾಡಿದರೆ ಮೊದಲ ಮೂರು ಮೀಟಿಂಗ್ ಬ್ಯಾನರ್ ಮೇಲೆ ಯಾರ ಹೆಸರು ಮೊದಲು ಅನ್ನುವುದಕ್ಕೇ ಹೋಗುತ್ತದೆ. ಐದು ಜನ ಸೇರಿ. ಆದರೆ ಐವರೂ ಒಂದೇ ಥರದವರಾಗಿದ್ದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ನಮ್ಮ ಅನುಭವದಲ್ಲಿ ಒಬ್ಬರು ಬೀದಿಯ ಹಳಬರಾಗಿರಬೇಕು, ಯಾರ ಮನೆಯ ಗೇಟಿಗೆ ಕೈಹಾಕಿದರೂ 'ಬನ್ನಿ ಬನ್ನಿ' ಅನ್ನಿಸಿಕೊಳ್ಳುವವರು. ಒಬ್ಬರು ಅಂಗಡಿಯವರು. ಒಬ್ಬರು ಕಚೇರಿಗಳಿಗೆ ಅಲೆಯಲು ಬೇಜಾರಿಲ್ಲದವರು. ನಿವೃತ್ತ ಮೇಷ್ಟ್ರು ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಒಬ್ಬ ಕಾಲೇಜು ಹುಡುಗಿ ಅಥವಾ ಹುಡುಗ. ಇನ್ನೊಬ್ಬರು ಬೀದಿಯಲ್ಲಿ ವಾಸ ಇಲ್ಲದೆ ಬೀದಿಯಲ್ಲೇ ಕೆಲಸ ಮಾಡುವವರು: ಹೂವಿನವರು, ಇಸ್ತ್ರಿಯವರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಅಣ್ಣ, ಯಾರಾದರೂ ಸರಿ. ಈ ಐದನೆಯವರನ್ನು ಮೊದಲ ವರ್ಷ ನಾವು ಸೇರಿಸಿಕೊಂಡಿರಲಿಲ್ಲ. ಅದರ ಫಲ ಮೇಲೆ ಹೇಳಿದ್ದೇನೆ.

ಡ್ರಾಯಿಂಗ್ ಮೇಷ್ಟ್ರು ಇದ್ದರೆ ಒಳ್ಳೆಯದೇ. ಆದರೆ ಅವರ ಕೈಗೆ ಮೈಕ್ ಕೊಡಬೇಡಿ.

3. ದಿನ ಗೊತ್ತು ಮಾಡುವುದು

ಹಳೇ ಮೈಸೂರು ಕಡೆ ಸಂಕ್ರಾಂತಿ ಮುಗಿದ ಮೇಲಿನ ಭಾನುವಾರಗಳು ಚೆನ್ನ. ಮಳೆ ಇಲ್ಲ, ಬಿಸಿಲು ಇನ್ನೂ ಏರಿಲ್ಲ. ಫೆಬ್ರುವರಿ ಕೊನೆ ದಾಟಬೇಡಿ. ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಲ್ಲಿ ಬೀದಿಯಲ್ಲಿ ಗಲಾಟೆ ಅಂದರೆ ತಾಯಂದಿರು ಸುಮ್ನೆ ಬಿಡುವುದಿಲ್ಲ. ದಸರೆ ಆದ ಮೇಲೆ ಅಂದುಕೊಂಡರೆ ಹಿಂಗಾರು ಮಳೆ ಕಾಯುತ್ತಿರುತ್ತದೆ. ಕರಾವಳಿ, ಮಲೆನಾಡಿನವರು ತಮ್ಮ ಮಳೆ ಲೆಕ್ಕ ತಾವೇ ಹಾಕಿಕೊಳ್ಳಲಿ.

ದಿನ ಗೊತ್ತು ಮಾಡುವ ಮುಂಚೆ ಬೀದಿಯಲ್ಲಿ ಮದುವೆ, ಗೃಹಪ್ರವೇಶ, ತಿಥಿ ಏನಾದರೂ ಇದೆಯಾ ಕೇಳಿ. ವೇಳೆ ಬೆಳಿಗ್ಗೆ 7ರಿಂದ 12. ಹನ್ನೊಂದರ ಮೇಲೆ ಡಾಂಬರು ಕಾಯುತ್ತದೆ, ಕೂರಲು ಆಗುವುದಿಲ್ಲ.

4. ಪತ್ರಗಳು, ಪರವಾನಗಿ

ಇದೇ ಎಲ್ಲರಿಗೂ ಬೇಜಾರಿನ ಭಾಗ. ಆದರೆ ಬಿಟ್ಟರೆ ಹಬ್ಬದ ದಿನವೇ ನಿಲ್ಲುತ್ತದೆ.

ಮೂರು ವಾರ ಮುಂಚೆ ಪತ್ರ ಬರೆಯಿರಿ. ಒಂದು ಪಾಲಿಕೆಯ ವಾರ್ಡ್ ಅಥವಾ ವಲಯ ಕಚೇರಿಗೆ. ಊರು ಚಿಕ್ಕದಾದರೆ ನಗರಸಭೆಗೆ, ಪಂಚಾಯಿತಿಗೆ. ಒಂದು ನಿಮ್ಮ ಪೊಲೀಸ್ ಠಾಣೆಗೆ. ರಸ್ತೆಯಲ್ಲಿ ವಾಹನ ನಿಲ್ಲಿಸಬೇಕಾದರೆ ಸಂಚಾರ ಠಾಣೆಗೂ ಒಂದು. ಪತ್ರ ಒಂದೇ ಪುಟ ಇರಲಿ: ಯಾವ ರಸ್ತೆ, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆ, ಸುಮಾರು ಎಷ್ಟು ಜನ, ಗಾಡಿಗಳು ಯಾವ ಕಡೆಯಿಂದ ಸುತ್ತಿ ಹೋಗಬಹುದು, ಜವಾಬ್ದಾರರು ಇಬ್ಬರ ಹೆಸರು ಮತ್ತು ಫೋನ್. ಜೊತೆಗೆ ಕೈಯಲ್ಲಿ ಬರೆದ ನಕ್ಷೆ ಒಂದು. ನಕ್ಷೆ ಇದ್ದರೆ ಮಾತು ಅರ್ಧ ಕಮ್ಮಿಯಾಗುತ್ತದೆ.

ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೇ ಬನ್ನಿ. ಎರಡನೇ ವರ್ಷ ಒಂದು ಕಚೇರಿಯಲ್ಲಿ ನಮ್ಮ ಪತ್ರ 'ಬಂದೇ ಇಲ್ಲ' ಅಂದರು. ಸೀಲು ಬಿದ್ದ ಪ್ರತಿ ತೋರಿಸಿದ ಮೇಲೆ ಅದು ಇನ್ಯಾವುದೋ ಫೈಲಿನ ಅಡಿಯಲ್ಲಿ ಸಿಕ್ಕಿತು. ಪತ್ರ ಕೊಟ್ಟ ಮಾತ್ರಕ್ಕೆ ಅನುಮತಿ ಸಿಕ್ಕ ಹಾಗಲ್ಲ, ಉತ್ತರ ಬರುವವರೆಗೂ ವಾರಕ್ಕೊಮ್ಮೆ ಹೋಗಿ ಕೇಳುತ್ತಿರಿ.

ಕಾನೂನಿನ ವಿಷಯ ಒಂದೆರಡು ತಿಳಿದಿರಲಿ. ಸಾರ್ವಜನಿಕ ಜಾಗಗಳನ್ನು ಅಂದಗೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರದ್ದೇ ಒಂದು ಕಾಯ್ದೆ ಇದೆ. ಅನುಮತಿಯಿಲ್ಲದೆ ಸಾರ್ವಜನಿಕ ಗೋಡೆಗೆ ಬರೆದರೆ, ಅಂಟಿಸಿದರೆ ದಂಡವೂ ಇದೆ, ಜೈಲೂ ಇದೆ. 'ಚೆಂದ ಮಾಡೋಕೆ ತಾನೇ ಸಾರ್' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಮೈಕ್ ಇಡುವುದಾದರೆ 2000ದ ಶಬ್ದಮಾಲಿನ್ಯ ನಿಯಮಗಳು ಅನ್ವಯಿಸುತ್ತವೆ. ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬಲ್. ಆಸ್ಪತ್ರೆಯ 100 ಮೀಟರ್ ಸುತ್ತ ನಿಶ್ಶಬ್ದ ವಲಯ. ನನ್ನ ಕೇಳಿದರೆ ಮೈಕೇ ಬೇಡ. ಚಿತ್ರ ಬರೆಯುವಾಗ ಬೀದಿಯಲ್ಲಿ ಒಂಥರಾ ಗುಸುಗುಸು ಇರುತ್ತದೆ, ಅದು ಕೇಳಲು ಚೆನ್ನಾಗಿರುತ್ತದೆ. ಡಿಜೆ ಹಾಕಿದರೆ ಅದೂ ಹೋಯಿತು.

ಫ್ಲೆಕ್ಸ್ ಬ್ಯಾನರ್ ಹಾಕಿಸಬೇಡಿ. ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಅಲಂಕಾರದ ಥರ್ಮೋಕೋಲ್ ದೇಶಾದ್ಯಂತ 2022ರ ಜುಲೈ 1ರಿಂದ ನಿಂತಿದೆ. ಹಳೇ ಬಿಳಿ ಪಂಚೆಯ ಮೇಲೆ ಬ್ರಷ್‌ನಲ್ಲಿ ಬರೆದು ಎರಡು ಕಂಬಕ್ಕೆ ಕಟ್ಟಿ. ಚಿತ್ರದ ಹಬ್ಬಕ್ಕೆ ಪ್ರಿಂಟ್ ಹೊಡೆಸಿದ ಬ್ಯಾನರ್ ಹಾಕುವುದು ನಗೆಪಾಟಲು ಅಲ್ವಾ?

5. ರಸ್ತೆ ಅಳೆಯುವುದು

ಹಬ್ಬದ ಹಿಂದಿನ ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಬೀದಿಗಿಳಿಯಿರಿ. ಟೇಪು ಹಿಡಿದವರನ್ನು ಕಂಡರೆ ಜನ ಗಾಬರಿಯಾಗಿ ಹೊರಗೆ ಬರುತ್ತಾರೆ, 'ರಸ್ತೆ ಅಗಲ ಮಾಡ್ತಾರಾ?' ಅಂತ. ಅಲ್ಲೇ ಹಬ್ಬದ ಸುದ್ದಿ ಹೇಳಿಬಿಡಿ.

ಒಬ್ಬರಿಗೆ 4 ಅಡಿ ಚೌಕ ಸಾಕು. ನಡುವೆ 1 ಅಡಿ ಬಿಡಿ. ಅಂದರೆ ಒಬ್ಬರಿಗೆ 5 ಅಡಿ ಉದ್ದ. 200 ಅಡಿ ಬೀದಿಯಾದರೆ ಒಂದು ಬದಿಗೆ 40 ಚೌಕ, ಎರಡೂ ಬದಿಗೆ 80. ಅಂಚಿನಲ್ಲಿ ಎರಡೆರಡು ಅಡಿ ಬಿಟ್ಟು ಚೌಕ ಎಳೆದರೆ ಮೂವತ್ತಡಿ ರಸ್ತೆಯಲ್ಲಿ ನಡುವೆ 18 ಅಡಿ ಉಳಿಯುತ್ತದೆ. ಆ ನಡುವಿನ ದಾರಿ 12 ಅಡಿಗಿಂತ ಕಮ್ಮಿ ಆಗಲೇಬಾರದು. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ ಬಂದರೆ ಯಾರನ್ನೂ ಎಬ್ಬಿಸದೆ ಹೋಗಬೇಕು. ಅಲ್ಲಿ ಕುರ್ಚಿ, ಶಾಮಿಯಾನದ ಕಂಬ, ಸ್ಕೂಟರ್ ಏನೂ ಬೇಡ. ಇಪ್ಪತ್ತಡಿ ಬೀದಿಯಾದರೆ ಒಂದೇ ಬದಿಗೆ ಚೌಕ ಎಳೆಯಿರಿ.

ಗೇಟಿನ ಎದುರು ಚೌಕ ಬೇಡ. ಯಾರಿಗಾದರೂ ಕಾರು ತೆಗೆಯಬೇಕಾಗುತ್ತದೆ. ಹಿಂದಿನ ದಿನ ಸಂಜೆಯೇ ಗಾಡಿಗಳನ್ನು ಪಕ್ಕದ ರಸ್ತೆಯಲ್ಲಿ ನಿಲ್ಲಿಸಲು ಹೇಳಿ. ಹೇಳುವುದು ಅಂದರೆ ವಾಟ್ಸಾಪ್‌ನಲ್ಲಿ ಹಾಕುವುದಲ್ಲ, ಗೇಟು ತಟ್ಟಿ ಹೇಳುವುದು. ಹಾಲಿನ ಗಾಡಿ, ಕಸದ ಆಟೊ, ನೀರಿನ ಟ್ಯಾಂಕರ್ ಎಷ್ಟೊತ್ತಿಗೆ ಬರುತ್ತವೆ ಅಂತಲೂ ಕೇಳಿಟ್ಟುಕೊಳ್ಳಿ.

ಬೀದಿಯಲ್ಲಿ ಗುಂಡಿ ಇದ್ದರೆ? ಅದನ್ನೂ ಒಂದು ಚೌಕ ಅಂದುಕೊಳ್ಳಿ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಬಿಟ್ಟದ್ದು ನೆನಪಿರಬಹುದು. 2019ರಲ್ಲಿ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದವರನ್ನು ನಡೆಸಿ, ಚಂದ್ರನ ಮೇಲೆ ನಡೆದ ಹಾಗೆ ವಿಡಿಯೊ ಮಾಡಿದ್ದೂ ಅವರೇ. ಎರಡೂ ಸಲ ರಸ್ತೆ ರಿಪೇರಿ ಆಯಿತು. ನಮ್ಮ ಬೀದಿಯ ಹುಡುಗರು ಒಂದು ಗುಂಡಿಯ ಸುತ್ತ ಚಾಕ್‌ಪೀಸಿನಲ್ಲಿ ಬಾವಿ, ರಾಟೆ, ಕೊಡ ಬರೆದಿದ್ದರು. ನಮ್ಮದಿನ್ನೂ ರಿಪೇರಿ ಆಗಿಲ್ಲ.

6. ಸಾಮಾನು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಸಾಮಾನು ಕೆಟ್ಟರೆ ಹಬ್ಬ ಕೆಡುತ್ತದೆ.

ಶಾಲೆಯ ತೆಳು ಚಾಕ್‌ಪೀಸ್ ಡಾಂಬರಿನ ಮೇಲೆ ನಿಲ್ಲುವುದಿಲ್ಲ. ಒರಟು ಜಲ್ಲಿ ಅದನ್ನು ತಿಂದು ಹಾಕುತ್ತದೆ. ಒಂದು ನವಿಲಿನ ಕತ್ತು ಮುಗಿಯುವಷ್ಟರಲ್ಲಿ ಮೂರು ಚಾಕ್‌ಪೀಸ್ ಖಾಲಿ. ಕಾಂಕ್ರೀಟ್ ರಸ್ತೆಯಾದರೆ ಪರವಾಗಿಲ್ಲ. ಡಾಂಬರಿಗೆ ದಪ್ಪ ಚಾಕ್ ಬೇಕು. ಅಂಗಡಿಯಲ್ಲಿ ಸಿಗುತ್ತದೆ, ಆದರೆ ಮನೆಯಲ್ಲೇ ಮಾಡಬಹುದು, ಮಕ್ಕಳಿಗೆ ಅದೇ ಒಂದು ಹಬ್ಬ.

ಬೇಕಾದದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್, ಪೋಸ್ಟರ್ ಕಲರ್, ನೀರು, ಅಚ್ಚಿಗೆ ರಟ್ಟಿನ ಕೊಳವೆ. ನಮ್ಮದು ಮೈಸೂರು, ಅಗರಬತ್ತಿಯ ದುಂಡನೆ ಡಬ್ಬಿಗೆ ಬರವಿಲ್ಲ. ದಪ್ಪದ್ದನ್ನು ಮೂರು ಇಂಚಿಗೆ ಕತ್ತರಿಸಿ, ಅಡಿಗೆ ಟೇಪು ಹಾಕಿ, ಒಳಗೆ ಬಟರ್ ಪೇಪರ್ ಸುತ್ತಿ ನಿಲ್ಲಿಸಿ. ಒಂದು ಲೋಟ ನೀರಿಗೆ ಮೊದಲು ಬಣ್ಣ ಕಲೆಸಿ. ಆಮೇಲೆ ಎರಡು ಲೋಟ ಪ್ಲಾಸ್ಟರ್ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ, ಕಡ್ಡಿಯಲ್ಲಿ ತಿರುಗಿಸಿ. ದೋಸೆ ಹಿಟ್ಟಿಗಿಂತ ಚೂರು ಗಟ್ಟಿ ಇರಲಿ. ಬೇಗ ಬೇಗ ಸುರಿಯಿರಿ, ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಕೊಳವೆಯನ್ನು ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿದರೆ ಗಾಳಿಗುಳ್ಳೆ ಮೇಲೆ ಬರುತ್ತದೆ. ರಟ್ಟು ಬಿಚ್ಚಿ ಎರಡು ದಿನ ನೆರಳಲ್ಲಿ ಒಣಗಿಸಿ.

ಎರಡು ಎಚ್ಚರಿಕೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಚರ್ಮ ಸುಡಬಹುದು. ಮಕ್ಕಳು ಅದರಲ್ಲಿ ಕೈ ಅದ್ದದಂತೆ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಮತ್ತೆ, ಕಲೆಸಿ ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಕಲ್ಲಾಗಿ ಕೂರುತ್ತದೆ. ಇದು ಯಾರ ಮನೆಯ ಸಿಂಕಿನಲ್ಲಿ ಆಯಿತು ಅಂತ ಕೇಳಬೇಡಿ.

ಬರೆಯುವ ಮುಂಚೆ ಚಾಕನ್ನು ಒಂದೈದು ನಿಮಿಷ ನೀರಲ್ಲಿ ಅದ್ದಿಟ್ಟರೆ ಬಣ್ಣ ಎದ್ದು ಕಾಣುತ್ತದೆ. ಬಿಳಿ ಜಾಸ್ತಿ ಬೇಕು, ಉಳಿದೆಲ್ಲ ಬಣ್ಣ ಸೇರಿಸಿದಷ್ಟು ಬಿಳಿಯೊಂದೇ ಇರಲಿ. ಕಪ್ಪು ಬೇಡವೇ ಬೇಡ, ರಸ್ತೆಯೇ ಕಪ್ಪು.

ರಂಗೋಲಿ ಪುಡಿ, ಕೂರಲು ಗೋಣಿಚೀಲ, ಕೈ ಒರೆಸಲು ಹಳೇ ಬಟ್ಟೆ, ನಾಲ್ಕು ಬಕೆಟ್ ನೀರು, ಗೆರೆ ಎಳೆಯಲು ಗಾರೆ ಕೆಲಸದವರ ದಾರ ಇರಲಿ. ದಾರಕ್ಕೆ ಚಾಕ್ ಪುಡಿ ಉಜ್ಜಿ, ಎರಡು ತುದಿ ಎಳೆದು ಹಿಡಿದು, ನಡುವೆ ಎತ್ತಿ ಬಿಟ್ಟರೆ ಟಪ್ ಅಂತ ನೇರ ಗೆರೆ ಬೀಳುತ್ತದೆ. ಎಂಬತ್ತು ಚೌಕ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ದುಡ್ಡಿನ ಬಗ್ಗೆ ಒಂದೇ ಮಾತು. ಚಂದಾ ಎತ್ತುವುದಕ್ಕಿಂತ ಸಾಮಾನು ಕೇಳಿ. ಒಂದು ಮನೆಯಿಂದ ಗೋಣಿಚೀಲ, ಒಂದು ಮನೆಯಿಂದ ಮಜ್ಜಿಗೆ, ಕಿರಾಣಿ ಅಂಗಡಿಯಿಂದ ರಂಗೋಲಿ ಪುಡಿ. ಕೊಟ್ಟವರು ಹಬ್ಬದ ದಿನ ನೋಡಲು ಬಂದೇ ಬರುತ್ತಾರೆ.

7. ಕರೆಯುವುದು

ನನಗೆ ಗೊತ್ತಿರುವ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. 'ಎಲ್ಲರೂ ಬನ್ನಿ' ಅಂದರೆ ಯಾರನ್ನೂ ಕರೆದ ಹಾಗಾಗುವುದಿಲ್ಲ. ಮದುವೆಗೆ ಹೇಗೆ ಮನೆಗೆ ಹೋಗಿ ಕರೆಯುತ್ತೇವೋ ಹಾಗೆ ಕರೆಯಬೇಕು.

ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎರಡನೇ ವರ್ಷ ಅವರ ಮನೆಗೆ ಹೋಗಿ ಕರೆದೆ. 'ನಂಗೆಲ್ಲಿ ಚಿತ್ರ ಬರುತ್ತೆ ಕಣಪ್ಪ, ಮಕ್ಕಳಿಗೆ ಹೇಳು' ಅಂದರು. ಹಾಗೆ ಹೇಳುವಾಗ ಅವರು ನಿಂತಿದ್ದದ್ದು ತಾವೇ ಬೆಳಿಗ್ಗೆ ಹಾಕಿದ ರಂಗೋಲಿಯ ಪಕ್ಕದಲ್ಲಿ. ಹದಿನೈದು ಚುಕ್ಕಿ, ಎಂಟಕ್ಕೆ ನಿಲ್ಲಿಸಿದ ಸಂದು ಚುಕ್ಕಿ. ಎಳೆ ಎಲ್ಲೂ ತುಂಡಾಗಿಲ್ಲ, ಎಲ್ಲೂ ದಪ್ಪ ಸಣ್ಣ ಆಗಿಲ್ಲ. ಹಬ್ಬದ ದಿನ ಚಿತ್ರ ಬರೆಯಿರಿ ಅನ್ನಲಿಲ್ಲ, 'ಅಜ್ಜಿ, ನಾಲ್ಕು ಹುಡುಗರಿಗೆ ಎಳೆ ಬಿಡೋದು ಹೇಳಿಕೊಡ್ತೀರಾ?' ಅಂತ ಕೇಳಿದೆ. ಬಂದರು. ಮಣೆ ಹಾಕಿಕೊಂಡು ಕೂತರು. ಹೆಬ್ಬೆರಳು ತೋರುಬೆರಳ ನಡುವೆ ಪುಡಿ ಹಿಡಿದು, 'ಬೆರಳು ಉಜ್ಜಬೇಡಿ, ಕೈ ನಡೀಬೇಕು, ಪುಡಿ ತಾನಾಗೇ ಬೀಳುತ್ತೆ' ಅಂದರು. ಕಾಲೇಜು ಹುಡುಗನೊಬ್ಬ ಹತ್ತು ಸಲ ಮಾಡಿದ. ಹತ್ತೂ ಸಲ ಇರುವೆ ಸಾಲು ಚದುರಿದ ಹಾಗೆ ಬಿತ್ತು. ಹನ್ನೊಂದನೇ ಸಲ ಒಂದು ಗೇಣುದ್ದ ಎಳೆ ಸರಿಯಾಗಿ ಬಂತು. ಅಜ್ಜಿ ತಲೆ ಎತ್ತದೆ 'ಹ್ಞೂಂ' ಅಂದರು ಅಷ್ಟೆ. ಅವನು ಆ ಎಳೆಯ ಫೋಟೋ ತೆಗೆದುಕೊಂಡ.

ಅಂದರೆ ಕರೆಯುವಾಗ ಅವರ ಕೈಗೆ ಬರುವ ಕೆಲಸ ಹಿಡಿದು ಕರೆಯಿರಿ. ಇಸ್ತ್ರಿಯವರಿಗೆ ಇದ್ದಿಲು ಕೇಳಿ, ಅದರಲ್ಲೇ ಹಾಳೆಯ ಮೇಲೆ ಬರೆಯಬಹುದು. ಪೇಂಟಿಂಗ್ ಕೆಲಸ ಮಾಡುವವರು ಪಕ್ಕದ ಬೀದಿಯಲ್ಲಿದ್ದರೆ ಉದ್ದ ಗೆರೆ ಹೇಗೆ ಎಳೆಯಬೇಕು ತೋರಿಸಲು ಹೇಳಿ. ಟೈಲರ್ ಅಂಗಡಿಯವರ ಕೈಯಲ್ಲಿ ಚಾಕ್ ದಿನಾ ಇರುತ್ತದೆ. ಸಾಗರ, ಸೊರಬ ಕಡೆಯವರು ಯಾರಾದರೂ ಬಾಡಿಗೆಗಿದ್ದರೆ ಅವರ ಮನೆಯಲ್ಲಿ ಹಸೆ ಚಿತ್ತಾರ ಅನ್ನುವ ಗೋಡೆಯ ಚಿತ್ರಕಲೆ ಗೊತ್ತಿರುವವರು ಇದ್ದಾರಾ ಕೇಳಿ. ಅಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಹಿಡಿದು, ಪುಂಡಿ ನಾರಿನ ಕುಂಚದಲ್ಲಿ ಗೆರೆ ಎಳೆಯುವುದನ್ನು ಒಮ್ಮೆ ನೋಡಿದರೆ ಮಕ್ಕಳು ಸ್ಕೆಚ್ ಪೆನ್ ಮರೆಯುತ್ತಾರೆ.

ಪೌರಕಾರ್ಮಿಕರನ್ನು ಕರೆಯುವುದಾದರೆ ಅವರ ಕೆಲಸದ ಹೊತ್ತು ನೋಡಿ ಕರೆಯಿರಿ. ನಾವು ಏಳು ಗಂಟೆಗೆ ಕರೆದು, ಅವರು ಗುಡಿಸುವ ಹೊತ್ತಲ್ಲೇ ಹಬ್ಬ ಇಟ್ಟಿದ್ದೆವು. ಅವರ ಪಾಲಿಗೆ ಅದು ಗುಡಿಸಬೇಕಾದ ಜಾಗದಲ್ಲಿ ಇನ್ನಷ್ಟು ಪುಡಿ ಅಷ್ಟೆ. ಮುಂದಿನ ಸಲ ಹತ್ತೂವರೆಗೆ, ಅವರ ಕೆಲಸ ಮುಗಿದ ಮೇಲೆ, ನೆರಳಿರುವ ಆರು ಚೌಕ ಉಳಿಸಿಟ್ಟು ಕರೆದೆವು. ನಾಲ್ವರು ಬಂದರು. ಒಬ್ಬರು ತಮ್ಮೂರಿನ ಕೆರೆ ಬರೆದರು.

ನೆಲಕ್ಕೆ ಬಗ್ಗಲು ಆಗದವರೂ ಇರುತ್ತಾರೆ. ಬಿದಿರು ಕೋಲಿನ ತುದಿಗೆ ದಪ್ಪ ಚಾಕನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಕೊಡಿ, ನಿಂತೇ ಬರೆಯಬಹುದು. ಮಂಡಿ ನೋವಿನವರು ಇದನ್ನು ಬಿಡುವುದೇ ಇಲ್ಲ. ಗಾಲಿಕುರ್ಚಿಯವರಿಗೆ ಗೋಡೆಗೆ ಒರಗಿಸಿದ ಕಪ್ಪು ಹಲಗೆ ಸರಿಯಾಗುತ್ತದೆ, ಕುರ್ಚಿಯಲ್ಲಿ ಕೂತವರ ಎದೆ ಎತ್ತರಕ್ಕೆ ಇಡಿ.

ಇನ್ನೊಂದು: ಸ್ಪರ್ಧೆ ಬೇಡ. ಮೊದಲನೇ ಬಹುಮಾನ ಅಂದ ಕೂಡಲೇ ಚಿತ್ರ ಬರುವವರು ಮಾತ್ರ ಉಳಿಯುತ್ತಾರೆ, ಅಪ್ಪಂದಿರು ಮಗುವಿನ ಕೈಯಿಂದ ಚಾಕ್ ಕಿತ್ತುಕೊಂಡು ತಾವೇ ತಿದ್ದುತ್ತಾರೆ. ಹೆಸರು ನೋಂದಾಯಿಸುವುದೂ ಬೇಡ. ಖಾಲಿ ಚೌಕ ಕಂಡರೆ ಕೂರಬಹುದು, ಅಷ್ಟೇ ನಿಯಮ. ಚೌಕಗಳಲ್ಲಿ ಹತ್ತನ್ನಾದರೂ ಪೂರ್ತಿ ಖಾಲಿ ಬಿಡದೆ ಒಂದು ಗೆರೆ ಎಳೆದಿಡಿ. ಒಂದು ಬಾಲ, ಒಂದು ಕೊಡೆಯ ಹಿಡಿ, ಅರ್ಧ ಚಕ್ರ. 'ಏನು ಬರೆಯಲಿ' ಅಂತ ನಿಲ್ಲುವವರು ಅಲ್ಲಿಂದ ಶುರು ಮಾಡುತ್ತಾರೆ.

8. ಏನು ಬರೆಯಬಾರದು

ಇದನ್ನು ಮೊದಲೇ ಹೇಳದಿದ್ದರೆ ನಡುವೆ ಜಗಳ. ಪಕ್ಷದ ಗುರುತು, ಅಂಗಡಿ ಜಾಹೀರಾತು, ಯಾರ ಜಾತಿ ಧರ್ಮವನ್ನಾದರೂ ಹೀಗಳೆಯುವುದು ಬೇಡ. ಅದು ಎಲ್ಲರಿಗೂ ಗೊತ್ತಿರುವುದೇ.

ಗೊತ್ತಿಲ್ಲದ್ದು ಎರಡಿದೆ. ಮಕ್ಕಳ ಕೈಗೆ ಮೂರು ಬಣ್ಣ ಸಿಕ್ಕಿದರೆ ಮೊದಲು ಬರೆಯುವುದೇ ಬಾವುಟ. ರಾಷ್ಟ್ರಧ್ವಜವನ್ನು ಬೇಕೆಂದೇ ನೆಲಕ್ಕೆ ತಾಕಿಸಬಾರದು ಅಂತ 1971ರ ಕಾಯ್ದೆ ಹೇಳುತ್ತದೆ, ಆ ಕಾಯ್ದೆಯ ಲೆಕ್ಕದಲ್ಲಿ ಧ್ವಜದ ಚಿತ್ರವೂ ಧ್ವಜವೇ. ಎರಡನೆಯದು ಗಣಪತಿ. ಗಣಪತಿ ಬರೆಯುವುದು ಸುಲಭ, ಚೆಂದವೂ ಹೌದು, ಆದರೆ ಸಂಜೆ ಅದರ ಮೇಲೆ ಟೈರ್ ಹೋಗುತ್ತದೆ. ಯಾರಿಗಾದರೂ ನೋವಾಗುತ್ತದೆ. ಮಗುವಿಗೆ 'ಬೇಡ' ಅನ್ನುವ ಬದಲು ಒಂದು ಹಾಳೆ ಕೊಟ್ಟು 'ಇದನ್ನ ಹಗ್ಗಕ್ಕೆ ಹಾಕೋಣ, ಮೇಲೆ ಇರಲಿ' ಅನ್ನಿ. ಹಗ್ಗದ ಪಕ್ಕ ಒಂದು ಕಟ್ಟು ಹಾಳೆ ಇದಕ್ಕೆಂದೇ ಇಡಿ.

9. ಹಬ್ಬದ ದಿನ

ಐದೂವರೆಗೆ ರಸ್ತೆ ಗುಡಿಸಿ. ನೀರು ಹಾಕಬೇಡಿ, ಒದ್ದೆ ಡಾಂಬರಿಗೆ ಚಾಕ್ ಹಿಡಿಯುವುದಿಲ್ಲ. ಆರಕ್ಕೆ ದಾರ ಹಿಡಿದು ಚೌಕ. ಆರೂಮುಕ್ಕಾಲಿಗೆ ಎರಡೂ ತುದಿಯಲ್ಲಿ ಬ್ಯಾರಿಕೇಡ್, ಪ್ರತಿ ತುದಿಯಲ್ಲಿ ಇಬ್ಬರು. ಅಲ್ಲಿ ನಿಲ್ಲುವವರು ನಗುಮುಖದವರಾಗಿರಲಿ. ಡೆಲಿವರಿ ಹುಡುಗರು ಬಂದೇ ಬರುತ್ತಾರೆ. ಬೈಕ್ ನಿಲ್ಲಿಸಿ ನಡೆದು ಹೋಗಲಿ. 'ಎರಡು ನಿಮಿಷ ಇದೆಯಾ, ಒಂದು ಗೆರೆ ಎಳೆದು ಹೋಗಿ' ಅಂತ ಕೇಳಿ. ನಮ್ಮಲ್ಲಿ ಒಬ್ಬ ಎರಡು ನಿಮಿಷದಲ್ಲಿ ಎಂಥ ಹುಂಜ ಬರೆದ ಅಂದರೆ, ಆಮೇಲೆ ಆ ಹುಂಜದ ಸುತ್ತ ಇಡೀ ಕೇರಿಯ ಮಕ್ಕಳು ಕೋಳಿಮರಿ ಬರೆದರು.

ಏಳರಿಂದ ಎಂಟು ಗಂಟೆಯವರೆಗೆ ದೊಡ್ಡವರು ಯಾರೂ ಕೂರುವುದಿಲ್ಲ. ಕೈಕಟ್ಟಿ ನಿಲ್ಲುತ್ತಾರೆ. ಇದು ಗೊತ್ತಿದ್ದದ್ದೇ, ಗಾಬರಿಯಾಗಬೇಡಿ. ನೀವು ಐವರೂ ಮೊದಲು ಕೂರಿ. ಚೆನ್ನಾಗಿ ಬರೆಯಲು ಬರದವರು ಎದುರು ಕೂತರೆ ಇನ್ನೂ ಒಳ್ಳೆಯದು. ನನ್ನ ಆನೆ ನೋಡಿ 'ಇಷ್ಟೇನಾ, ಕೊಡಿ ಇಲ್ಲಿ' ಅಂತ ಒಬ್ಬರು ಚಾಕ್ ತೆಗೆದುಕೊಂಡರು. ಆವತ್ತಿನಿಂದ ನಾನು ಪ್ರತಿ ವರ್ಷ ಮೊದಲು ಆನೆಯನ್ನೇ ಬರೆಯುತ್ತೇನೆ.

ಒಂಬತ್ತಕ್ಕೆ ಮಜ್ಜಿಗೆ, ಪಾನಕ, ಚುರುಮುರಿ. ಸ್ಟೀಲ್ ಲೋಟ ಇಡಿ, ತೊಳೆಯಲು ಒಂದು ಬಕೆಟ್. ಯಾರದಾದರೂ ಮನೆಯ ಹೊರಗಿನ ಬಚ್ಚಲು ಎಲ್ಲರಿಗೂ ತೆರೆದಿರಲಿ, ಬಾಗಿಲಿಗೆ ಕಾಣುವ ಹಾಗೆ ಚೀಟಿ ಅಂಟಿಸಿ. ಹೊರಗಿನಿಂದ ಬಂದ ಹೆಣ್ಣುಮಕ್ಕಳು ಬೇಗ ಹೊರಟುಹೋಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಮಕ್ಕಳ ಮುಖ ಕಾಣುವ ಫೋಟೋ ಹಾಕುವ ಮುಂಚೆ ಮನೆಯವರನ್ನು ಕೇಳಿ.

ಹನ್ನೊಂದೂವರೆಗೆ ಎಲ್ಲರೂ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಟ್ಟಿಗೆ ನಡೆಯಿರಿ. ಭಾಷಣ ಬೇಡ. ಪ್ರತಿ ಚೌಕದ ಹತ್ತಿರ ಬರೆದವರು ಬೇಕಿದ್ದರೆ ಒಂದು ಮಾತು ಹೇಳಲಿ, ಬೇಡದಿದ್ದರೆ ಸುಮ್ಮನೆ ನಿಲ್ಲಲಿ.

10. ಗೋಡೆ, ಎರಡು ವರ್ಷ ಆದ ಮೇಲೆ

ಮೂರನೇ ವರ್ಷ ನಮಗೆ ಧೈರ್ಯ ಬಂತು. ಮಾಲೀಕರೊಬ್ಬರು ಉದ್ದನೆ ಕಾಂಪೌಂಡ್ ಗೋಡೆ ಕೊಟ್ಟರು. ಎರಡು ದಿನ ಕೂತು ಚಾಮುಂಡಿ ಬೆಟ್ಟದ ಮೆಟ್ಟಿಲು, ನಂದಿ, ಮಂಗಗಳು ಎಲ್ಲ ಬರೆದೆವು. ಜುಲೈ ಮಳೆಗೆ ನಂದಿಯ ಅರ್ಧ ಮುಖ ಹಪ್ಪಳದ ಹಾಗೆ ಎದ್ದು ಬಂತು. ಗೋಡೆಗೆ ಮೊದಲು ಸುಣ್ಣ ಬಳಿದಿತ್ತು. ನಾವು ಸುಣ್ಣದ ಮೇಲೆಯೇ ಬಣ್ಣ ಹೊಡೆದಿದ್ದೆವು.

ಹಾಗಾಗಿ: ಒದ್ದೆ ಕೈಯಲ್ಲಿ ಗೋಡೆ ಉಜ್ಜಿ ನೋಡಿ. ಕೈ ಬೆಳ್ಳಗಾದರೆ ಸುಣ್ಣವನ್ನು ತಂತಿ ಬ್ರಷ್‌ನಲ್ಲಿ ಪೂರ್ತಿ ಕೆರೆದು ತೆಗೆಯಬೇಕು. ಹೊಸ ಗಾರೆಯಾದರೆ ತಿಂಗಳಾದರೂ ಆಗಿರಬೇಕು. ತೇವ ಹಿಡಿದು ಉಪ್ಪು ಬಿಡುತ್ತಿರುವ ಗೋಡೆಯನ್ನು ಬಿಟ್ಟುಬಿಡಿ. ಕೆರೆದು, ತೊಳೆದು, ಎರಡು ದಿನ ಒಣಗಿಸಿ, ಹೊರಗೋಡೆಯ ಪ್ರೈಮರ್ (ತಳಬಣ್ಣ) ಒಂದು ಕೋಟ್. ಒಂದು ಲೀಟರ್ ಪ್ರೈಮರ್ ಒಂದು ಸಲ ಬಳಿದರೆ ಸುಮಾರು 80ರಿಂದ 100 ಚದರಡಿ ಬರುತ್ತದೆ, ಒರಟು ಗೋಡೆಯಾದರೆ ಇನ್ನೂ ಕಮ್ಮಿ. ಆಮೇಲೆ ಹೊರಗೋಡೆಯ ಎಮಲ್ಷನ್. ಎಲ್ಲ ಬಣ್ಣವನ್ನೂ ಡಬ್ಬಿಯಲ್ಲೇ ಕೊಳ್ಳಬೇಡಿ. ಬಿಳಿ ಎಮಲ್ಷನ್ ದೊಡ್ಡ ಡಬ್ಬಿ ತಂದು ಸ್ಟೇನರ್ (ಬಣ್ಣ ಬರಿಸುವ ಗಾಢ ದ್ರವ) ಹಾಕಿ ಬೇಕಾದ ಬಣ್ಣ ಕಲೆಸಿಕೊಳ್ಳಿ, ಖರ್ಚು ಕಮ್ಮಿ. ಸ್ಟೇನರ್ ಜಾಸ್ತಿ ಹಾಕಿದರೆ ಬಣ್ಣ ಹಿಡಿಯದೆ ಕೈಗೆ ಬರುತ್ತದೆ. ಕಡು ಬಣ್ಣ ಬೇಕಾದರೆ ಅದೊಂದನ್ನು ಅಂಗಡಿಯಲ್ಲೇ ಕಲೆಸಿ ತನ್ನಿ.

ಚಿತ್ರವನ್ನು ಹಾಳೆಯ ಮೇಲೆ ಒಂದಿಂಚು ಚೌಕಗಳಲ್ಲಿ ಬರೆದು, ಗೋಡೆಯ ಮೇಲೆ ಒಂದಡಿ ಚೌಕಗಳನ್ನು ದಾರದಿಂದ ಹೊಡೆದು ಇಳಿಸಿ. ಹೊರಗೆರೆ ಬರೆಯಲು ಒಬ್ಬಿಬ್ಬರು ಕೈ ಪಳಗಿದವರು ಸಾಕು. ಕಾವಾ, ಚಿತ್ರಕಲಾ ಪರಿಷತ್ತಿನಂಥ ಕಡೆ ಕಲಿಯುತ್ತಿರುವ ಮಕ್ಕಳು ಖುಷಿಯಿಂದ ಬರುತ್ತಾರೆ, ಅವರ ದಾರಿ ಖರ್ಚು, ಊಟ ಮಾತ್ರ ಸುಮ್ನೆ ಮಾತಿನಲ್ಲಿ ಹಾರಿಸಬೇಡಿ, ಕೊಡಿ. ಪ್ರತಿ ತುಂಡಿನೊಳಗೆ ಯಾವ ಬಣ್ಣ ಅಂತ ಚಾಕ್‌ಪೀಸಿನಲ್ಲಿ ನಂಬರ್ ಬರೆದಿಟ್ಟರೆ ಯಾರು ಬೇಕಾದರೂ ತುಂಬಬಹುದು. ಮಕ್ಕಳಿಗೆ ಕೆಳಗಿನ ಮೂರಡಿ. ಸಾರವೆ ಹತ್ತುವ ಎತ್ತರದ ಗೋಡೆ ಬೀದಿ ಹಬ್ಬಕ್ಕೆ ಬೇಡ. ಮಾಲೀಕರಿಂದ ಒಪ್ಪಿಗೆಯನ್ನು ಕಾಗದದ ಮೇಲೆ ತೆಗೆದುಕೊಳ್ಳಿ, ಯಾವ ಚಿತ್ರ ಅನ್ನುವುದನ್ನೂ ಅದರಲ್ಲಿ ಸೇರಿಸಿ. ಮರಗಳ ಬೊಡ್ಡೆಗೆ ಬಣ್ಣ ಬಳಿಯಬೇಡಿ, ಮೊಳೆ ಹೊಡೆಯಬೇಡಿ.

11. ಪೊರಕೆ

ಚಾಕ್ ಚಿತ್ರ ತೊಳೆಯಬೇಕಿಲ್ಲ, ಇರುವಷ್ಟು ದಿನ ಇರಲಿ. ರಂಗೋಲಿ ಪುಡಿಯನ್ನು ಮಾತ್ರ ಅವತ್ತು ಮಧ್ಯಾಹ್ನವೇ ಒಣಗಿದ್ದಾಗ ಗುಡಿಸಿ ಚೀಲಕ್ಕೆ ತುಂಬಿ. ನೀರು ಹಾಕಿ ಮೋರಿಗೆ ತಳ್ಳಿದರೆ ಕೆಸರಾಗಿ ಕಟ್ಟಿಕೊಳ್ಳುತ್ತದೆ, ಬೈಕ್ ಕೂಡ ಜಾರುತ್ತದೆ. ಬ್ರಷ್ ತೊಳೆದ ಬಣ್ಣದ ನೀರನ್ನೂ ಮೋರಿಗೆ ಚೆಲ್ಲಬೇಡಿ. ಬಕೆಟ್‌ನಲ್ಲೇ ರಾತ್ರಿ ಇಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ. ತಿಳಿನೀರನ್ನು ಅದೇ ಬ್ರಷ್‌ಗಳ ಮೊದಲ ತೊಳೆತಕ್ಕೆ ಮತ್ತೆ ಬಳಸಿ, ತಳದ ಗಸಿಯನ್ನು ಹಳೇ ಪೇಪರ್ ಮೇಲೆ ಒಣಗಿಸಿ ಒಣ ಕಸಕ್ಕೆ ಹಾಕಿ.

ಈ ಗುಡಿಸುವ ಕೆಲಸವನ್ನು ಪೌರಕಾರ್ಮಿಕರಿಗೆ ಬಿಡಬೇಡಿ. ಅವರು ಅವತ್ತು ಚಿತ್ರ ಬರೆಯಲು ಬಂದವರು. ಐವರಲ್ಲಿ ಮೂವರು ಪೊರಕೆ ಹಿಡಿಯಲಿ, ಇಬ್ಬರು ಎರವಲು ತಂದ ಕುರ್ಚಿ, ಲೋಟ, ಗೋಣಿಚೀಲ ಎಣಿಸಿ ಅವರವರ ಮನೆಗೆ ಮುಟ್ಟಿಸಲಿ. ಉಳಿದ ಚಾಕನ್ನು ಒಣಗಿಸಿ ಬಿಸ್ಕತ್ ಡಬ್ಬಿಗೆ ಹಾಕಿ, ಅಂಗಡಿಯವರ ಹತ್ತಿರ ಕೊಟ್ಟಿಡಿ. ಮಾರನೇ ದಿನ ಸ್ಕೂಲು ಬಿಟ್ಟ ಮೇಲೆ ಮಕ್ಕಳು ಬಂದು ಕೇಳುತ್ತಾರೆ.